ಮೂರು ಕಾಲಿನ ಚುಕ್ಕಿ ಮತ್ತು ಅವಳ ದಾರಿಗಳು

ಬೆಕ್ಕು ಸಾಕುವವರೂ ಬೀದಿಯ ಬೆಕ್ಕುಗಳಿಗೆ ಊಟ ಹಾಕುವವರೂ ಸೇರಿ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ನಡೆಸುವ ಸಣ್ಣ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಂದು ಸಮಯ ಸಾಲದೆ ಬಿಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಗೆಳೆಯರೇ, ನಾನು ಪಶುವೈದ್ಯೆಯಲ್ಲ. ಹಲವು ವರ್ಷಗಳಿಂದ ಮನೆಯಲ್ಲಿ ಬೆಕ್ಕುಗಳನ್ನು ಸಾಕಿಕೊಂಡು ಬಂದವಳು. ಎರಡು ವರ್ಷಗಳ ಹಿಂದೆ ನಮ್ಮ ಚುಕ್ಕಿ ನಾಲ್ಕನೆಯ ಮಹಡಿಯಿಂದ ಬಿದ್ದು, ಒಂದು ಹಿಂಗಾಲನ್ನು ಕಳೆದುಕೊಂಡು ಮನೆಗೆ ಮರಳಿದಾಗ, ಶಸ್ತ್ರಚಿಕಿತ್ಸೆ ಮುಗಿಯಿತು, ಇನ್ನು ಗಾಯ ಒಣಗಿದರೆ ಎಲ್ಲ ಸರಿಹೋಯಿತು ಎಂದು ನಂಬಿ ನಿಶ್ಚಿಂತೆಯಿಂದ ಇದ್ದುಬಿಟ್ಟವಳು. ಆ ನಂಬಿಕೆಯಿಂದ ಅವಳ ಪ್ರಾಣಕ್ಕೆ ಎರಡನೆಯ ಸಲ ಕುತ್ತು ಬಂತು. ಆಸ್ಪತ್ರೆಯಲ್ಲಿ ಉಳಿದ ಜೀವವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಬೇರೆಯೇ ಕೆಲಸ, ಅದನ್ನು ಮಾಡಬೇಕಾದವರು ನಾವೇ ಎಂದು ನಾನು ತಿಳಿದದ್ದು ತಡವಾಗಿ. ನಿಮಗೆ ಆ ತಡ ಆಗದಿರಲಿ ಎಂಬ ಕಾರಣಕ್ಕೆ ಈ ಮಾತುಗಳನ್ನು ಆಡುತ್ತಿದ್ದೇನೆ. ಇದರಲ್ಲಿ ಬರುವ ವೈದ್ಯಕೀಯ ಸಂಗತಿಗಳೆಲ್ಲ ಚುಕ್ಕಿಯನ್ನು ನೋಡಿಕೊಂಡ ವೈದ್ಯರಿಂದ ಕೇಳಿ, ಆಮೇಲೆ ಓದಿ ತಿಳಿದುಕೊಂಡವು. ನಿಮ್ಮ ಬೆಕ್ಕಿನ ಔಷಧ ಮತ್ತು ಪ್ರಮಾಣವನ್ನು ನಿಮ್ಮ ವೈದ್ಯರೇ ಹೇಳಬೇಕು.

ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಕಾಲಿನ ಮೇಲೇ ನಿಲ್ಲುತ್ತದೆ, ಅದಕ್ಕೇನೂ ಆಗುವುದಿಲ್ಲ ಎಂಬ ಮಾತನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಮಾತಿನ ಮೊದಲ ಅರ್ಧ ಬಹುಮಟ್ಟಿಗೆ ನಿಜ. ಬೀಳುವ ಬೆಕ್ಕು ಗಾಳಿಯಲ್ಲಿಯೇ ಮೊದಲು ಮುಂಭಾಗವನ್ನೂ ಬಳಿಕ ಹಿಂಭಾಗವನ್ನೂ ತಿರುಗಿಸಿಕೊಂಡು ನೆಲಕ್ಕೆ ಕಾಲೂರುವುದನ್ನು ಫ್ರಾನ್ಸಿನ ವಿಜ್ಞಾನಿ ಎತಿಯೆನ್-ಜೂಲ್ ಮಾರೇ 1894ರಲ್ಲಿಯೇ ಸರಣಿ ಛಾಯಾಚಿತ್ರಗಳಲ್ಲಿ ಸೆರೆಹಿಡಿದು ತೋರಿಸಿದ್ದರು. ಆದರೆ ಕಾಲಿನ ಮೇಲೆ ಬಿದ್ದ ಮಾತ್ರಕ್ಕೆ ಪೆಟ್ಟಾಗುವುದಿಲ್ಲ ಎಂದಲ್ಲ. ಆ ಪೆಟ್ಟು ಕಾಲು, ಎದೆ ಮತ್ತು ದವಡೆಗೆ ಹಂಚಿಹೋಗುತ್ತದೆ. ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಬಂದ, ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಚಿಕಿತ್ಸೆ ಪಡೆದವುಗಳಲ್ಲಿ ಸುಮಾರು 90 ಶೇಕಡಾ ಬೆಕ್ಕುಗಳು ಬದುಕಿದವು. ಆದರೆ ಅವುಗಳಲ್ಲಿ ಬಹುಪಾಲಿನ ಎದೆಗೆ ಏಟು ಬಿದ್ದಿತ್ತು. ಬಿದ್ದ ಜಾಗದಲ್ಲಿಯೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಕೊಂಡೊಯ್ಯುವುದಿಲ್ಲವಾದ್ದರಿಂದ ಆ 90ರ ಅಂಕಿಯನ್ನು ಎಚ್ಚರದಿಂದ ಓದಬೇಕು. ಎದ್ದು ನಡೆದಾಡುತ್ತಿದೆ, ಪೆಟ್ಟೇನೂ ಕಾಣುತ್ತಿಲ್ಲ ಎಂದು ಬಿದ್ದ ಬೆಕ್ಕನ್ನು ಮನೆಯಲ್ಲಿಯೇ ಇಟ್ಟುಕೊಳ್ಳಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಶ್ವಾಸಕೋಶಕ್ಕೆ ಆದ ಪೆಟ್ಟು ಕೆಲವು ಗಂಟೆಗಳ ಮೇಲೆ ಉಲ್ಬಣಿಸಬಹುದು.

ಚುಕ್ಕಿ ಬಿದ್ದದ್ದು ಅಡುಗೆಮನೆಯ ಹಿಂದಿನ ಯುಟಿಲಿಟಿಯ ಕಟ್ಟೆಯಿಂದ. ಪಾರಿವಾಳಗಳ ತೊಂದರೆಗೆಂದು ಅಲ್ಲಿ ತೆಳುವಾದ ನೈಲಾನ್ ಬಲೆ ಕಟ್ಟಿಸಿದ್ದೆವು. ಆ ಬಲೆಯನ್ನು ಬೆಕ್ಕು ಹಲ್ಲಿನಿಂದ ಕಚ್ಚಿ ಹರಿಯಬಲ್ಲದು ಎಂಬುದು ನಮಗೆ ಹೊಳೆದಿರಲಿಲ್ಲ. ಎಡ ಹಿಂಗಾಲಿನ ಮೂಳೆ ಚೂರುಚೂರಾಗಿ ನರವೂ ಹಾಳಾಗಿದ್ದುದರಿಂದ, ಕಾಲನ್ನು ಉಳಿಸಲು ಹೋದರೆ ನೋವು ಉಳಿಯುತ್ತದೆ, ತೆಗೆದರೆ ಬೆಕ್ಕು ಉಳಿಯುತ್ತದೆ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಆ ಮಾತು ಕೇಳಿ ನಾನು ಅತ್ತೆ. ಈಗ ಯೋಚಿಸಿದರೆ, ನಾನು ಅತ್ತದ್ದು ಒಂದು ಕಾಲು ಕಡಿಮೆಯಾದ ಮನುಷ್ಯನ ಬದುಕನ್ನು ಊಹಿಸಿಕೊಂಡು. ಶಸ್ತ್ರಚಿಕಿತ್ಸೆಯಾದ ಮಾರನೆಯ ದಿನ ನೋಡಲು ಹೋದಾಗ ಅವಳು ಪಂಜರದೊಳಗೆ ಮೂರು ಕಾಲಿನ ಮೇಲೆ ನಿಂತಿದ್ದಳು. ಹೆಚ್ಚಿನ ಬೆಕ್ಕುಗಳು ಒಂದೆರಡು ದಿನಗಳಲ್ಲಿಯೇ ಹೀಗೆ ಎದ್ದು ನಿಲ್ಲುತ್ತವೆ, ಉಳಿದ ಹಿಂಗಾಲು ನಿಧಾನವಾಗಿ ದೇಹದ ನಡುವಿಗೆ ಸರಿದುಕೊಂಡು ಭಾರ ಹೊರುವುದನ್ನು ಕಲಿಯುತ್ತದೆ ಎಂದು ವೈದ್ಯರು ಹೇಳಿದರು. ದೇಹದ ಭಾರದಲ್ಲಿ ಸುಮಾರು 60 ಶೇಕಡಾ ಮುಂಗಾಲುಗಳ ಮೇಲೆ ಬೀಳುವುದರಿಂದ ಮುಂಗಾಲು ಕಳೆದುಕೊಂಡ ಬೆಕ್ಕಿನ ಕಷ್ಟ ಇದಕ್ಕಿಂತ ಹೆಚ್ಚು. ಹಿಂಗಾಲು ಹೋದ ಬೆಕ್ಕಿಗೆ ಕಷ್ಟವಾಗುವುದು ಮೇಲಕ್ಕೆ ನೆಗೆಯುವುದು, ಏಕೆಂದರೆ ನೆಗೆತದ ಬಲ ಇರುವುದು ಹಿಂಗಾಲುಗಳಲ್ಲಿ.

ಅವಳನ್ನು ಮನೆಗೆ ಕಳುಹಿಸಿದ ದಿನ ಆ ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಔಷಧಗಳ ಹೆಸರು ಮತ್ತು ಹೊಲಿಗೆ ಬಿಚ್ಚುವ ದಿನಾಂಕ ಇದ್ದವು. ಊಟದ ಬಗ್ಗೆ ಒಂದು ಸಾಲೂ ಇರಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದ ಚುಕ್ಕಿ ಮಂಚದ ಕೆಳಗೆ ಸೇರಿಕೊಂಡಳು. ಮೊದಲ ದಿನ ತಿನ್ನಲಿಲ್ಲ, ಆಯಾಸ ಎಂದುಕೊಂಡೆವು. ಎರಡನೆಯ ದಿನ ಸ್ವಲ್ಪ ನೀರು ಕುಡಿದಳು, ಚೇತರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆವು. ಹಿರಿಯರೊಬ್ಬರು ಲಂಘನಂ ಪರಮೌಷಧಂ ಎಂಬ ಮಾತನ್ನು ನೆನಪಿಸಿ, ಕಾಯಿಲೆ ಬಿದ್ದ ಪ್ರಾಣಿ ತಾನಾಗಿ ಉಪವಾಸ ಮಾಡಿ ಗುಣವಾಗುತ್ತದೆ, ಒತ್ತಾಯ ಬೇಡ ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಐದನೆಯ ದಿನ ಬೆಳಗಿನ ಬಿಸಿಲಿನಲ್ಲಿ ಅವಳ ಕಿವಿಯ ಒಳಭಾಗ ನೋಡಿದರೆ ತೆಳುವಾದ ಅರಿಸಿನದ ಬಣ್ಣವಿತ್ತು. ವಸಡು ನೋಡಿದೆ, ಅಲ್ಲಿಯೂ ಅದೇ ಬಣ್ಣ.

ದಯವಿಟ್ಟು ಈ ಭಾಗವನ್ನು ಗಮನವಿಟ್ಟು ಕೇಳಿ. ಊಟ ನಿಂತಾಗ ದೇಹ ತನ್ನ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ. ಬೆಕ್ಕಿನ ಯಕೃತ್ತಿಗೆ ಹೀಗೆ ಒಮ್ಮೆಲೇ ಬಂದ ಕೊಬ್ಬನ್ನು ಬಳಸಿಕೊಂಡು ಹೊರಗೆ ಕಳುಹಿಸುವ ಶಕ್ತಿ ಕಡಿಮೆ. ಕೊಬ್ಬು ಯಕೃತ್ತಿನ ಜೀವಕೋಶಗಳಲ್ಲಿಯೇ ತುಂಬಿಕೊಂಡು ಅವು ಕೆಲಸ ನಿಲ್ಲಿಸುತ್ತವೆ, ಕಾಮಾಲೆ ಕಾಣಿಸುತ್ತದೆ, ವಾಕರಿಕೆಯಿಂದ ಊಟ ಇನ್ನಷ್ಟು ದೂರವಾಗುತ್ತದೆ. ಇದನ್ನು ಹೆಪಾಟಿಕ್ ಲಿಪಿಡೋಸಿಸ್ ಎನ್ನುತ್ತಾರೆ. ದಪ್ಪಗಿರುವ ಬೆಕ್ಕಿಗೆ ಅಪಾಯ ಹೆಚ್ಚು. ಗುಂಡಗಿದ್ದಾಳೆ, ನಾಲ್ಕು ದಿನ ತಿನ್ನದಿದ್ದರೂ ತಡೆದುಕೊಳ್ಳುತ್ತಾಳೆ ಎಂಬ ನಮ್ಮ ಲೆಕ್ಕ ಪೂರ್ತಿ ತಲೆಕೆಳಗಾದದ್ದು. ಮನುಷ್ಯರ ವಿಷಯದಲ್ಲಿ ಲಂಘನ ಔಷಧವಾಗಬಹುದು, ಬೆಕ್ಕಿನ ವಿಷಯದಲ್ಲಿ ಅದು ಎರಡನೆಯ ಕಾಯಿಲೆ. ಯಾವ ಕಾರಣದಿಂದ ಆಸ್ಪತ್ರೆ ಸೇರಿ ಬಂದ ಬೆಕ್ಕೇ ಆಗಲಿ, ಒಂದು ಇಡೀ ದಿನ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಫೋನ್ ಮಾಡಬೇಕು. ಎರಡನೆಯ ದಿನವೂ ತಿನ್ನದಿದ್ದರೆ ಬುಟ್ಟಿಯಲ್ಲಿ ಕೂರಿಸಿಕೊಂಡು ಹೊರಡಬೇಕು.

ಎಷ್ಟು ತಿಂದರೆ ಸಾಕು ಎಂಬುದಕ್ಕೂ ಒಂದು ಅಂದಾಜು ಇದೆ. 4 ಕೆ.ಜಿ. ತೂಕದ ಬೆಕ್ಕಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 200 ಕಿಲೋ ಕ್ಯಾಲರಿ ಬೇಕು. ಡಬ್ಬಿಯ ಮೇಲೆ, ಪೊಟ್ಟಣದ ಮೇಲೆ ಅಥವಾ ಕಂಪನಿಯ ಜಾಲತಾಣದಲ್ಲಿ ಇರುವ ಕ್ಯಾಲರಿ ಅಂಕಿಯನ್ನು ನೋಡಿ, ತಿಂದುದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಂಡರೆ, ಸ್ವಲ್ಪ ತಿಂದಳು ಎಂಬ ಮಾತಿನ ನಿಜವಾದ ಅರ್ಥ ತಿಳಿಯುತ್ತದೆ. ನಾನು ಬರೆಯತೊಡಗಿದ ಮೇಲೆಯೇ ತಿಳಿದದ್ದು, ನಮ್ಮ ಸ್ವಲ್ಪ ಎಂದರೆ ಬೇಕಾದುದರ ಹತ್ತನೆಯ ಒಂದು ಪಾಲೂ ಆಗಿರಲಿಲ್ಲ.

ಚುಕ್ಕಿಗೆ ವೈದ್ಯರು ಕತ್ತಿನ ಬದಿಯಿಂದ ಅನ್ನನಾಳಕ್ಕೆ ಒಂದು ಮೆತ್ತನೆಯ ಕೊಳವೆ ಹಾಕಿದರು. ಆ ಕೊಳವೆಯನ್ನು ಕಂಡು ಹೆದರುವವರೇ ಹೆಚ್ಚು. ಬೆಕ್ಕಿಗೆ ಹಿಂಸೆ, ಇನ್ನು ಆಸೆಯಿಲ್ಲ ಎಂಬುದರ ಗುರುತು ಎಂದು ನಾನೂ ಹೆದರಿದ್ದೆ. ಮೂರು ವಾರಗಳ ಕಾಲ ಅದರೊಡನೆ ಬಾಳಿದ ಮೇಲೆ ನನ್ನ ಅಭಿಪ್ರಾಯ ಬೇರೆ. ಅದು ಬಂದ ಮೇಲೆ ಅವಳ ಬಾಯಿಯನ್ನು ನಾವು ಬಲವಂತದಿಂದ ತೆರೆಯುವುದು ನಿಂತಿತು, ಪುಡಿಮಾಡಿ ಕಲಸಬಹುದಾದ ಔಷಧವೆಲ್ಲ ಅದರಲ್ಲಿಯೇ ಹೋಯಿತು, ನೀರೂ ಹೋಯಿತು. ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಪೂರ್ತಿ ಊಟ ಕೊಡುವುದು ಅಪಾಯವಾದ್ದರಿಂದ ಮೊದಲ ದಿನ ಬೇಕಾದುದರ ಮೂರನೆಯ ಒಂದು ಪಾಲು, ಮರುದಿನ ಮೂರನೆಯ ಎರಡು ಪಾಲು, ಅದರ ಮರುದಿನ ಪೂರ್ತಿ ಎಂದು ಹೆಚ್ಚಿಸಿದೆವು. ದಿನಕ್ಕೆ ಐದಾರು ಸಲ, ಮೈಬಿಸಿಯಷ್ಟು ಬೆಚ್ಚಗೆ ಮಾಡಿದ ನುಣುಪಾದ ಆಹಾರವನ್ನು ಹತ್ತು ಹದಿನೈದು ನಿಮಿಷ ತೆಗೆದುಕೊಂಡು ನಿಧಾನವಾಗಿ ಕೊಡುವುದು, ಮೊದಲೂ ಆಮೇಲೂ ಸ್ವಲ್ಪ ನೀರು ಹಾಯಿಸಿ ಕೊಳವೆ ಕಟ್ಟಿಕೊಳ್ಳದಂತೆ ನೋಡುವುದು, ಚರ್ಮದ ಬಳಿ ಕೀವಾಗದಂತೆ ಶುಚಿಯಾಗಿಡುವುದು. ಕೆಲಸ ಇಷ್ಟೇ. ಕೊಳವೆ ಇದ್ದರೂ ಬೆಕ್ಕು ಬಾಯಿಂದ ತಿನ್ನಬಹುದು. ಹದಿನಾರನೆಯ ದಿನ ಅವಳು ತಾನಾಗಿ ತಟ್ಟೆಯ ಕಡೆ ಬಂದಾಗ ಕೊಳವೆ ಇನ್ನೂ ಕತ್ತಿನಲ್ಲಿಯೇ ಇತ್ತು.

ಸಿರಿಂಜಿನಿಂದ ಬಾಯಿಗೆ ಬಲವಂತವಾಗಿ ತುಂಬುವುದನ್ನು ಕೊಳವೆ ಹಾಕಿಸುವ ಮೊದಲು ನಾವು ಎರಡು ದಿನ ಮಾಡಿದ್ದೆವು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆ ನೆನಪಿರಬಹುದು. ಅರಸನು ಕೊಟ್ಟ ಬೆಕ್ಕಿಗೆ ಮೊದಲ ದಿನವೇ ಕುದಿಯುವ ಹಾಲು ಇಟ್ಟದ್ದರಿಂದ ಬಾಯಿ ಸುಟ್ಟುಕೊಂಡ ಅದು ಮುಂದೆ ಹಾಲಿನ ಬಟ್ಟಲು ಕಂಡರೇ ಓಡಿಹೋಗುತ್ತಿತ್ತು. ಅದು ನಗುವ ಕತೆ ಎಂದು ಹೇಳುತ್ತಾ ಬಂದಿದ್ದೇವೆ, ಆದರೆ ಬೆಕ್ಕಿನ ಸ್ವಭಾವದ ಒಂದು ನಿಜವನ್ನು ಅದು ಹಿಡಿದಿದೆ. ವಾಕರಿಕೆ ಇರುವಾಗ, ನೋವಿರುವಾಗ, ಕೈಕಾಲು ಹಿಡಿದು ಬಾಯಿಗೆ ಹಾಕಿದ ಆಹಾರದ ವಾಸನೆಯನ್ನು ಬೆಕ್ಕು ಆ ಸಂಕಟದೊಡನೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ, ಗುಣವಾದ ಮೇಲೂ ಆ ಆಹಾರವನ್ನು ಮುಟ್ಟುವುದಿಲ್ಲ. ಚುಕ್ಕಿ ಬಹಳ ಇಷ್ಟಪಡುತ್ತಿದ್ದ ಮೀನಿನ ಆಹಾರವನ್ನು ನಾವು ಆ ಎರಡು ದಿನ ಬಲವಂತವಾಗಿ ಕೊಟ್ಟೆವು. ಇಂದಿಗೂ ಅವಳು ಅದರ ವಾಸನೆ ಬಂದರೆ ತಟ್ಟೆ ಬಿಟ್ಟು ಹೋಗುತ್ತಾಳೆ. ಆದ್ದರಿಂದ ತಟ್ಟೆಯಿಟ್ಟು ಹದಿನೈದು ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿಡಿ, ಮೂಗಿನ ಮುಂದೆ ಹಿಡಿದು ಕಾಡಬೇಡಿ. ವಾಕರಿಕೆಗೆ ಔಷಧವಿದೆ, ಹಸಿವು ಹೆಚ್ಚಿಸಲು ಮಿರ್ಟಾಜಪಿನ್ ಎಂಬ ಔಷಧವನ್ನು ವೈದ್ಯರು ಕೊಡುತ್ತಾರೆ, ಅದೂ ಸಾಲದಿದ್ದರೆ ಕೊಳವೆ ಇದೆ.

ನಮ್ಮದು ಮಾಂಸ ಬೇಯಿಸದ ಮನೆ, ನಿಮ್ಮಲ್ಲಿಯೂ ಅಂತಹ ಮನೆಗಳಿವೆ ಎಂದು ನನಗೆ ಗೊತ್ತು. ಆದ್ದರಿಂದ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಾಲು-ಅನ್ನ, ಮೊಸರನ್ನದಿಂದ ಬೆಕ್ಕು ಚೇತರಿಸಿಕೊಳ್ಳುವುದಿಲ್ಲ. ಬೆಕ್ಕಿನ ದೇಹ ಟೌರೀನ್ ಎಂಬ ಪೋಷಕಾಂಶವನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಆಹಾರದಿಂದಲೇ, ಮುಖ್ಯವಾಗಿ ಮಾಂಸದಿಂದ, ಬರಬೇಕು. ಅದರ ಕೊರತೆಯಿಂದ ಕಣ್ಣಿನ ರೆಟಿನಾ ಹಾಳಾಗುತ್ತದೆ ಎಂದು 1975ರಲ್ಲಿಯೂ, ಹೃದಯದ ಸ್ನಾಯು ಬಲಗುಂದುತ್ತದೆ ಎಂದು 1987ರಲ್ಲಿಯೂ ಸಂಶೋಧಕರು ತೋರಿಸಿದರು; ಆಮೇಲೆ ಬೆಕ್ಕಿನ ಆಹಾರ ತಯಾರಿಸುವವರು ಅದನ್ನು ಹೆಚ್ಚಿಸಿದರು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಮ್ಮ ಪಕ್ಕದ ಮನೆಯವರು ಆ ಮೂರು ವಾರ ದಿನಬಿಟ್ಟು ದಿನ ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿ ಡಬ್ಬಿಯಲ್ಲಿ ತಂದುಕೊಟ್ಟರು. ಆ ಋಣವನ್ನು ನಾನು ಮರೆಯಲಾರೆ. ಬರೀ ನೀರಿನಲ್ಲಿ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಮನೆಯವರಿಗೆ ಮಾಡಿದ ಕೋಳಿಸಾರಿನ ನೀರನ್ನು ಬೆಕ್ಕಿಗೆ ಹಾಕಬಾರದು, ಏಕೆಂದರೆ ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಊಟದಷ್ಟೇ ಮುಖ್ಯವಾದುದು ನೋವು. ಬೆಕ್ಕು ನೋವನ್ನು ಮರೆಮಾಡುತ್ತದೆ ಎಂಬುದು ನಿಜ, ಆದರೆ ಮುಖವನ್ನು ಓದಲು ಕಲಿತರೆ ಅಷ್ಟೇನೂ ಮರೆಯಾಗುವುದಿಲ್ಲ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಪ್ರಕಟಿಸಿದ ಒಂದು ಮಾಪಕವಿದೆ. ಅದರಲ್ಲಿ ಐದು ಸಂಗತಿಗಳನ್ನು ನೋಡುತ್ತಾರೆ: ಕಿವಿ ಚಪ್ಪಟೆಯಾಗಿ ಹೊರಕ್ಕೆ ಹೊರಳಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಭುಜದ ಮಟ್ಟಕ್ಕಿಂತ ಕೆಳಗಿದೆಯೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿನ ಔಷಧ ಬೇಕು ಎಂದು ಅರ್ಥ. ನಿದ್ದೆಯಲ್ಲಿಯೋ ಊಟದಲ್ಲಿಯೋ ಇಲ್ಲದ ಹೊತ್ತಿನಲ್ಲಿ ದೂರದಿಂದ ಒಂದು ಫೋಟೋ ತೆಗೆದು ಪ್ರತಿದಿನ ಹೋಲಿಸಿ ನೋಡುವುದನ್ನು ನಾನು ರೂಢಿ ಮಾಡಿಕೊಂಡೆ. ಆರನೆಯ ದಿನದ ಫೋಟೋದಲ್ಲಿ ಅವಳ ಕಣ್ಣು ಅರ್ಧ ಮುಚ್ಚಿದ್ದುದನ್ನು ನಾನು ನೆಮ್ಮದಿ ಎಂದು ತಿಳಿದಿದ್ದೆ. ವೈದ್ಯರು ಅದೇ ಫೋಟೋ ನೋಡಿ ಔಷಧದ ಪ್ರಮಾಣ ಬದಲಿಸಿದರು. ಗುರುಗುಟ್ಟುವುದನ್ನೂ ಸುಖದ ಗುರುತೆಂದು ನಂಬುವಂತಿಲ್ಲ, ತೀವ್ರ ನೋವಿನಲ್ಲಿರುವ ಬೆಕ್ಕುಗಳೂ ಗುರುಗುಟ್ಟುತ್ತವೆ.

ನೋವು ಕಂಡಾಗ ಮನೆಯ ಔಷಧದ ಡಬ್ಬಿಗೆ ಕೈಹಾಕುವುದು ನಮ್ಮ ಸಹಜ ಗುಣ. ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅದನ್ನು ನಿರುಪದ್ರವಿಯಾಗಿಸಿ ಹೊರಹಾಕುವ ದಾರಿ ಬೆಕ್ಕಿನ ದೇಹದಲ್ಲಿ ಬಹುಮಟ್ಟಿಗೆ ಇಲ್ಲ. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳೂ ಬೇಡ. ಇನ್ನೊಂದು ಸಣ್ಣ ಸಂಗತಿ, ಆದರೆ ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಒಣ ಮಾತ್ರೆಯನ್ನು ನುಂಗಿಸಿ ಸುಮ್ಮನಾದರೆ ಅದು ಬೆಕ್ಕಿನ ಅನ್ನನಾಳದಲ್ಲಿಯೇ ಅಂಟಿಕೊಂಡು ನಿಲ್ಲಬಹುದು. ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆ ಅಲ್ಲಿ ಹುಣ್ಣು ಮಾಡಿ, ಹುಣ್ಣು ಮಾಗುವಾಗ ನಾಳವೇ ಕಿರಿದಾಗಿಬಿಡಬಹುದು. ಮಾತ್ರೆಯ ಹಿಂದೆ 5–6 ಮಿಲಿಲೀಟರ್ ನೀರನ್ನು ಕೆನ್ನೆಯ ಬದಿಯಿಂದ ನಿಧಾನವಾಗಿ ಕುಡಿಸಬೇಕು, ಇಲ್ಲವೇ ಒಂದು ತುತ್ತು ಮೆತ್ತನೆಯ ಆಹಾರ ತಿನ್ನಿಸಬೇಕು.

ಇನ್ನು ಮನೆಯ ವಿಚಾರ. ನನ್ನ ಮಟ್ಟಿಗೆ ಇಡೀ ಅನುಭವದಲ್ಲಿ ಹೆಚ್ಚು ಯೋಚಿಸುವಂತೆ ಮಾಡಿದ್ದು ಇದು. ಹೊಲಿಗೆ ಬಿಚ್ಚಿ, ಕೊಳವೆ ತೆಗೆದು, ತೂಕ ಮರಳಿ ಬಂದ ಮೇಲೂ ಚುಕ್ಕಿ ಮಂಕಾಗಿಯೇ ಇದ್ದಳು. ಕಾಲಿಲ್ಲದ ದುಃಖ ಎಂದು ಮನೆಯವರೆಲ್ಲ ಮರುಗುತ್ತಿದ್ದೆವು. ಒಂದು ಸಂಜೆ ಸುಮ್ಮನೆ ಕುಳಿತು ಅವಳನ್ನೇ ನೋಡುತ್ತಿದ್ದೆ. ಅವಳು ಊಟದ ಮೇಜಿನ ಕೆಳಗೆ ಬಂದು ನಿಂತಳು, ಕುರ್ಚಿಯ ಕಡೆ ನೋಡಿದಳು, ಅಲ್ಲಿಂದ ಮೇಜು, ಮೇಜಿನಿಂದ ಫ್ರಿಜ್ಜು, ಫ್ರಿಜ್ಜಿನಿಂದ ಅಟ್ಟ, ಹೀಗೆ ಕಣ್ಣಿನಿಂದಲೇ ಮೇಲಕ್ಕೆ ಹೋಗಿ ಮತ್ತೆ ಕೆಳಗೆ ಬಂದಳು. ನಾಲ್ಕು ವರ್ಷ ಪ್ರತಿದಿನ ಅವಳು ನಡೆದ ದಾರಿ ಅದು. ಸೂರ್ಯೋದಯದ ಕಿಟಕಿ, ಮಧ್ಯಾಹ್ನದ ಅಟ್ಟ, ಸಂಜೆ ಬೀದಿ ಕಾಣುವ ಕಪಾಟಿನ ತುದಿ, ಇವೆಲ್ಲ ಎತ್ತರದ ಜಾಗಗಳು. ಅವುಗಳ ನಡುವಿನ ದಾರಿಗಳೇ ಅವಳ ಮನೆ. ಆ ದಾರಿಗಳು ಕಡಿದುಹೋಗಿದ್ದವು. ಅವಳು ಕಾಲನ್ನು ಹುಡುಕುತ್ತಿದ್ದಳೇ ಇಲ್ಲವೇ ನಾನು ಹೇಳಲಾರೆ, ದಾರಿಯನ್ನು ಹುಡುಕುತ್ತಿದ್ದಳು ಎಂದು ಖಂಡಿತವಾಗಿ ಹೇಳಬಲ್ಲೆ.

ಮರುದಿನದಿಂದ ನಾವು ದಾರಿ ಕಟ್ಟುವ ಕೆಲಸಕ್ಕೆ ತೊಡಗಿದೆವು. ಅವಳು ಒಂದೇ ನೆಗೆತಕ್ಕೆ ಏರುತ್ತಿದ್ದ ಜಾಗಕ್ಕೆ ನಡುವೆ ಎರಡು ಮೂರು ಮೆಟ್ಟಿಲು ಬೇಕಾಗಿದ್ದವು. ಹಳೆಯ ಮಣೆ, ಹಾಲಿನ ಕ್ರೇಟು, ಪುಸ್ತಕದ ಪೆಟ್ಟಿಗೆ, ಇವುಗಳನ್ನು ಅಲುಗಾಡದಂತೆ ಬಿಗಿದು, ಒಂದರಿಂದ ಒಂದಕ್ಕೆ ಒಂದು ಗೇಣಿನಷ್ಟು ಎತ್ತರ ಬರುವಂತೆ ಜೋಡಿಸಿ, ಮೇಲೆ ಗೋಣಿಚೀಲದ ತುಂಡು ಹೊಲಿದೆವು. ಗೋಣಿಗೆ ಉಗುರು ಹಿಡಿಯುತ್ತದೆ, ಅದಕ್ಕಿಂತ ಒಳ್ಳೆಯ ವಸ್ತು ನನಗೆ ಸಿಕ್ಕಿಲ್ಲ. ನೆಲದ ವಿಷಯವೂ ಇದೇ. ನಮ್ಮ ಮನೆಗಳ ಗ್ರಾನೈಟು, ಹೊಳೆಯುವ ಟೈಲ್ಸು, ರೆಡ್ ಆಕ್ಸೈಡ್ ನೆಲ ನಮಗೆ ತಂಪು, ಮೂರು ಕಾಲಿನ ಬೆಕ್ಕಿಗೆ ಎಣ್ಣೆ ಚೆಲ್ಲಿದ ಹಾಗೆ. ತಿರುಗುವಾಗ ಒಂಟಿ ಹಿಂಗಾಲು ಜಾರಿ ಅವಳು ಬದಿಗೆ ಬೀಳುತ್ತಿದ್ದಳು, ಬಿದ್ದ ಮೇಲೆ ಮುಜುಗರಪಟ್ಟವಳಂತೆ ಅಲ್ಲಿಯೇ ಕುಳಿತು ಮೈ ನೆಕ್ಕಿಕೊಳ್ಳುತ್ತಿದ್ದಳು. ಅವಳು ಓಡಾಡುವ ಗೆರೆಯುದ್ದಕ್ಕೂ ಜಾರದ ಅಡಿಯಿರುವ ನಾರಿನ ಚಾಪೆ, ಹಳೆಯ ಯೋಗದ ಚಾಪೆ ಹಾಸಿದ ವಾರದಲ್ಲಿಯೇ ಅವಳ ನಡಿಗೆಯಲ್ಲಿ ಧೈರ್ಯ ಕಂಡಿತು. ಮನೆ ನೋಡಲು ಚೆನ್ನಾಗಿಲ್ಲ ಎಂದು ಬಂದವರು ಹೇಳುತ್ತಾರೆ, ಹೇಳಲಿ.

ಮಲವಿಸರ್ಜನೆಯ ಟ್ರೇ ಎತ್ತರದ ಅಂಚಿನದಾಗಿದ್ದರೆ ಒಂದು ಬದಿಯನ್ನು ಕತ್ತರಿಸಿ ತಗ್ಗಿಸಬೇಕು, ಗಾಯ ಹಸಿಯಾಗಿರುವಾಗ ಮರಳಿನ ಬದಲು ಕಾಗದದ ಚೂರು ಹಾಕಬೇಕು, ಮಲಗುವ ಜಾಗದಿಂದ ನಾಲ್ಕು ಹೆಜ್ಜೆಯಲ್ಲಿರಬೇಕು. ಆಸ್ಪತ್ರೆಯಿಂದ ಬಂದ ಮೊದಲ ಒಂದೆರಡು ವಾರ ಇಡೀ ಮನೆಯನ್ನು ಬಿಟ್ಟುಕೊಡದೆ ಒಂದು ಸಣ್ಣ ಕೋಣೆಯಲ್ಲಿ, ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟು ಇಡುವುದು ಒಳ್ಳೆಯದು. ಮಂಚದ ಕೆಳಗೆ ಅಡಗಿದ ಬೆಕ್ಕು ತಿಂದಿತೇ, ಮೂತ್ರ ಮಾಡಿತೇ ಎಂದು ತಿಳಿಯುವುದಿಲ್ಲ, ಪೆಟ್ಟಿಗೆಯಲ್ಲಿ ಅಡಗಿದ ಬೆಕ್ಕಿನದು ತಿಳಿಯುತ್ತದೆ. ಕೊರಳಿಗೆ ಕಟ್ಟಿದ ಶಂಕುವಿನಾಕಾರದ ಪಟ್ಟಿಯಿಂದ ಮೀಸೆ ತಗುಲಿ ತಿನ್ನಲು ಕಷ್ಟವಾಗುತ್ತಿದ್ದರೆ, ನೀವು ಎದುರಿಗೇ ಕುಳಿತು ಊಟದ ಹೊತ್ತು ಮಾತ್ರ ತೆಗೆಯಬಹುದು.

ನಮ್ಮ ಮನೆಯಲ್ಲಿ ರಾಯ ಎಂಬ ಹಿರಿಯ ಗಂಡು ಬೆಕ್ಕೂ ಇದೆ. ಮರಿಯಿಂದ ಒಟ್ಟಿಗೆ ಬೆಳೆದ, ಒಂದೇ ದಿಂಬಿನ ಮೇಲೆ ಮಲಗುತ್ತಿದ್ದ ರಾಯ, ಚುಕ್ಕಿ ಮರಳಿದ ದಿನ ಬುಸುಗುಟ್ಟಿ ಪಂಜ ಎತ್ತಿದ. ಅವನು ಬದಲಾದ ಎಂದು ಬೇಸರಪಟ್ಟೆವು, ನಿಜವಾಗಿ ಬದಲಾದದ್ದು ಅವಳ ವಾಸನೆ. ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ಮೂಗಿನಿಂದ. ಸ್ಪಿರಿಟ್ಟು, ಅರಿವಳಿಕೆ, ಬೇರೆ ಪ್ರಾಣಿಗಳ ವಾಸನೆ ಹೊತ್ತು ಬಂದ ಅವಳು ಅವನ ಪಾಲಿಗೆ ಯಾರೋ ಅಪರಿಚಿತೆ. ಬೈದರೆ, ಬಲವಂತದಿಂದ ಎದುರು ಬದಿರು ಕೂರಿಸಿದರೆ ಹಗೆ ಬಲಿಯುತ್ತದೆ. ಇಬ್ಬರನ್ನೂ ಬೇರೆಬೇರೆ ಕೋಣೆಯಲ್ಲಿಟ್ಟು, ಒಬ್ಬರ ಕೆನ್ನೆ ಒರೆಸಿದ ಬಟ್ಟೆಯನ್ನು ಇನ್ನೊಬ್ಬರ ಹಾಸಿಗೆಯಲ್ಲಿ ಹಾಕಿ, ಮುಚ್ಚಿದ ಬಾಗಿಲಿನ ಆಚೀಚೆ ಊಟವಿಟ್ಟು, ಆಮೇಲೆ ಬಾಗಿಲನ್ನು ಬೆರಳಗಲ ತೆರೆದು, ಹೀಗೆ ಒಂಬತ್ತು ದಿನಗಳಾದ ಮೇಲೆ ರಾಯ ಅವಳ ತಲೆ ನೆಕ್ಕಿದ.

ಬೇರೆ ಕಾಯಿಲೆಗಳಿಂದ ಎದ್ದ ಬೆಕ್ಕುಗಳ ಬಗ್ಗೆ ಸಭೆಯಲ್ಲಿ ಹಲವರು ಕೇಳಿದರು. ಒಂದರ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಸಾಮಾನ್ಯ ಮತ್ತು ಮಾರಕ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳು ಅಥವಾ ಲೋಳೆಯಿಂದ ಅದು ಕಟ್ಟಿಕೊಂಡರೆ ಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕುತ್ತದೆ, ಹನಿಯೂ ಬರುವುದಿಲ್ಲ. ಮಲಬದ್ಧತೆ ಎಂದು ತಪ್ಪು ತಿಳಿದು ಕಾಯುವವರು ಬಹಳ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಲು ಒಂದೆರಡು ದಿನ ಸಾಕು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೋಗಬೇಕು. ಗುಣವಾಗಿ ಬಂದ ಬೆಕ್ಕಿಗೆ ಅದು ಮರುಕಳಿಸುವ ಭಯವಿರುತ್ತದೆ. ಕಲ್ಲು, ಸೋಂಕು ಯಾವುದೂ ಕಾಣದೆ ಮೂತ್ರಕೋಶ ಉರಿಯುವ ಬೆಕ್ಕುಗಳಲ್ಲಿ ಒತ್ತಡದ ಪಾತ್ರ ದೊಡ್ಡದು ಎಂದು ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ವರ್ಷಗಳ ಕಾಲ ಅಭ್ಯಾಸ ಮಾಡಿದರು. 46 ಸಾಕುಬೆಕ್ಕುಗಳ ಮನೆಯ ಪರಿಸರವನ್ನು ಬದಲಿಸಿದಾಗ ತೊಂದರೆ ಗಣನೀಯವಾಗಿ ಕಡಿಮೆಯಾದುದನ್ನು 2006ರಲ್ಲಿ ಪ್ರಕಟಿಸಿದರು. ಬದಲಾವಣೆ ಎಂದರೆ ಹೆಚ್ಚು ನೀರು, ಶುಚಿಯಾದ ಟ್ರೇಗಳು, ಏರಲು ಮತ್ತು ಅಡಗಲು ಜಾಗ, ದಿನವೂ ಒಂದಿಷ್ಟು ಆಟ, ಬೆಕ್ಕುಗಳ ನಡುವಿನ ಜಗಳದ ಕಾರಣ ತೆಗೆಯುವುದು. ಇದನ್ನು ಓದಿದಾಗ ನಮ್ಮ ಗೋಣಿಚೀಲದ ಮೆಟ್ಟಿಲುಗಳು ನೆನಪಾದವು. ರಕ್ತದೊತ್ತಡದಿಂದ ಕಣ್ಣು ಕಳೆದುಕೊಂಡ ಮುದಿ ಬೆಕ್ಕಿಗೆ ಬೇಕಾದುದು ಇದರ ತದ್ವಿರುದ್ಧ; ಒಂದು ಕುರ್ಚಿಯನ್ನೂ ಜಾಗ ಬದಲಿಸದಿರುವುದು. ಹೃದಯದ ತೊಂದರೆಯಿಂದ ಎದ್ದ ಬೆಕ್ಕಿನವರು ಅದು ಗಾಢ ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಎದೆ ಏರಿಳಿಯುತ್ತದೆ ಎಂದು ಎಣಿಸಿ ಬರೆದಿಡಬೇಕು; ಮೂವತ್ತು ದಾಟಿ ನಿಂತರೆ ವೈದ್ಯರಿಗೆ ತಿಳಿಸಬೇಕು.

ಚುಕ್ಕಿ ಈಗ ಮೂರು ಕಾಲಿನಲ್ಲಿ ಫ್ರಿಜ್ಜಿನ ಮೇಲಿನವರೆಗೆ ಹೋಗುತ್ತಾಳೆ. ಅಟ್ಟಕ್ಕೆ ಹೋಗುವುದಿಲ್ಲ, ನಾವೂ ಅಲ್ಲಿಗೆ ದಾರಿ ಕಟ್ಟಲಿಲ್ಲ, ಇಳಿಯುವಾಗ ಬಿದ್ದಾಳು ಎಂಬ ಭಯ. ಯುಟಿಲಿಟಿಗೆ ಉಕ್ಕಿನ ಜಾಲರಿ ಹಾಕಿಸಿದ್ದೇವೆ. ಉಳಿದ ಕೀಲುಗಳ ಮೇಲೆ ಭಾರ ಹೆಚ್ಚಾಗದಂತೆ ತಿಂಗಳಿಗೊಮ್ಮೆ, ಅವಳನ್ನು ಎತ್ತಿಕೊಂಡು ಮತ್ತು ಎತ್ತಿಕೊಳ್ಳದೆ, ಎರಡು ಸಲ ತಕ್ಕಡಿಯ ಮೇಲೆ ನಿಂತು ಲೆಕ್ಕ ಹಾಕುತ್ತೇನೆ; 4 ಕೆ.ಜಿ.ಯ ಸುತ್ತಮುತ್ತ ನಿಲ್ಲಿಸಿದ್ದೇವೆ.

ಕೊನೆಗೆ ಒಬ್ಬರು, ಅವಳಿಂದ ಈಗ ಮಾಡಲಾಗದೇ ಇರುವುದು ಏನಾದರೂ ಉಳಿದಿದೆಯೇ ಎಂದು ಕೇಳಿದರು. ಒಂದಿದೆ. ಎಡಗಿವಿ ತುರಿಸಿದಾಗ ಅವಳು ತಲೆಯನ್ನು ಆ ಕಡೆಗೆ ಓರೆ ಮಾಡಿ ಕೂರುತ್ತಾಳೆ, ಎಡ ತೊಡೆಯ ಉಳಿದ ಮೊಟಕು ಭಾಗ ಚರ್ಮದೊಳಗೆ ಬೇಗಬೇಗ ಆಡುತ್ತದೆ, ಕಿವಿಗೆ ಏನೂ ತಲುಪುವುದಿಲ್ಲ. ಆ ಕಿವಿಯಲ್ಲಿ ಮೇಣ ಕಟ್ಟುವುದೂ ಹೆಚ್ಚು, ಆದ್ದರಿಂದ ವಾರಕ್ಕೊಮ್ಮೆ ನೋಡಿ ಒರೆಸುತ್ತೇವೆ. ಮೊದಮೊದಲು ಆ ಮೊಟಕು ಆಡುವುದನ್ನು ಕಂಡು ನಾನು ಮುಖ ತಿರುಗಿಸುತ್ತಿದ್ದೆ. ಈಗ ಎಲ್ಲಿದ್ದರೂ ಹೋಗಿ ಬೆರಳಿನಿಂದ ತುರಿಸುತ್ತೇನೆ, ಮೊಟಕು ಆಡುವುದು ನಿಲ್ಲುವವರೆಗೆ. ಕೆಲವು ತಿಂಗಳುಗಳಿಂದ ಅವಳು ತುರಿಕೆ ಬಂದ ಕೂಡಲೇ ಕೂರುವುದನ್ನು ಬಿಟ್ಟು, ನಾನಿರುವಲ್ಲಿಗೆ ಕುಂಟುತ್ತ ಬಂದು ಆ ಕಿವಿಯನ್ನು ನನ್ನ ಕೈಗೆ ಒತ್ತುತ್ತಾಳೆ.